ಚಾಲೆಂಜರ್ ನೌಕಾಯಾನ 1872–76: ಹಗ್ಗ ಬಿಟ್ಟು 4475 ಮಾರು ಅಳೆದದ್ದು ಹೇಗೆ?

ಮಾರುಗೋಲು

ಸಮುದ್ರ ಅಧ್ಯಯನಕ್ಕೆ ಹೊರಟ ಬ್ರಿಟಿಷ್ ನೌಕಾಪಡೆಯ ಹಡಗು ಎಚ್.ಎಂ.ಎಸ್. ಚಾಲೆಂಜರ್ ಬಗ್ಗೆ ಎಲ್ಲಿ ಓದಿದರೂ ಒಂದೇ ಪಲ್ಲವಿ. 1872ರ ಡಿಸೆಂಬರ್ 21ಕ್ಕೆ ಪೋರ್ಟ್ಸ್‌ಮತ್ ಬಿಟ್ಟಿತು, 1876ರ ಮೇ 24ಕ್ಕೆ ಸ್ಪಿಟ್‌ಹೆಡ್‌ಗೆ ಮರಳಿತು, 68,890 ನಾಟಿಕಲ್ ಮೈಲಿ, 362 ಠಾಣೆ (ಹಡಗು ನಿಲ್ಲಿಸಿ ಅಳತೆ ಮಾಡಿದ ಜಾಗ), 50 ಸಂಪುಟ ವರದಿ, ಸಾಗರವಿಜ್ಞಾನ ಹುಟ್ಟಿತು, ಮುಗೀತು. ಡೆಕ್ ಮೇಲೆ ಕೆಲಸ ಹೇಗೆ ನಡೀತಿತ್ತು ಅನ್ನೋದು ಮಾತ್ರ ಕಾಣಲ್ಲ.

ಎರಡು ಪ್ರಶ್ನೆ ಇವೆ.

ಒಂದು: ಎಂಟು ಕಿಲೋಮೀಟರ್ ಹಗ್ಗ ಇಳಿಬಿಟ್ಟಾಗ ತುದಿಯ ಕಬ್ಬಿಣದ ಗುಂಡು ತಳ ಮುಟ್ಟಿತು ಅಂತ ಮೇಲೆ ನಿಂತವನಿಗೆ ಹೇಗೆ ಗೊತ್ತಾಗುತ್ತೆ? ಬಾವಿಯಲ್ಲಾದರೆ ಹಗ್ಗ ಸಡಿಲ ಬೀಳುತ್ತೆ. ಇಲ್ಲಿ ಹಗ್ಗದ್ದೇ ತೂಕ ಅಷ್ಟಿರುತ್ತಲ್ಲ.

ಎರಡು: ಅವರು ಪಶ್ಚಿಮ ಪೆಸಿಫಿಕ್‌ನ ಮರಿಯಾನಾ ಕಮರಿಯಲ್ಲಿ ಅಳೆದದ್ದು 4475 ಫ್ಯಾದಮ್, ಅಂದರೆ 8184 ಮೀಟರ್. ಇವತ್ತು ಆ ಕಮರಿಯ ಅತಿ ಆಳದ ಜಾಗ ಚಾಲೆಂಜರ್ ಡೀಪ್ ಅಂದ್ರೆ 10,900 ಮೀಟರ್‌ಗೂ ಹೆಚ್ಚು. ಕಾಲು ಭಾಗದಷ್ಟು ತಪ್ಪಿದ್ದಾರಾ?

ಫ್ಯಾದಮ್‌ಗೆ ಇನ್ನು ಮುಂದೆ ಮಾರು ಅಂತಲೇ ಬರೀತೀನಿ. ಎರಡೂ ಕೈ ಚಾಚಿದಷ್ಟು ಉದ್ದ, 6 ಅಡಿ, 1.83 ಮೀಟರ್. ಕರಾವಳಿಯ ದೋಣಿಯವರು ಆಳ ಹೇಳೋದೂ ಮಾರಿನಲ್ಲೇ.

ಹಗ್ಗದಲೆಕ್ಕ

ಮೊದಲ ಪ್ರಶ್ನೆಗೆ ಒಂದು ಮಾತಿನ ಉತ್ತರ: ಗಡಿಯಾರ. ತಳ ಮುಟ್ಟಿದ್ದನ್ನು ಕೈಯಿಂದ ತಿಳೀತಿರಲಿಲ್ಲ, ಸಮಯದಿಂದ ತಿಳೀತಿದ್ದರು.

ಹಗ್ಗ ಇಟಾಲಿಯನ್ ಹೆಂಪ್. (ಹೆಂಪ್ ಅಂದರೆ ಗಾಂಜಾ ಜಾತಿಯ ಗಿಡದ ಗಟ್ಟಿ ನಾರು, ಗೋಣಿಚೀಲದ ಸೆಣಬು ಅಂದ್ಕೋಬೇಡಿ. ಅದನ್ನು ಹೀಗೆ ಮೂರೂವರೆ ವರ್ಷ ಉಪ್ಪುನೀರಲ್ಲಿ ನೆನೆಸಿ ಒಣಗಿಸಿದರೆ ಕೈಗೆ ನಾರೂ ಸಿಗಲ್ಲ.) ಆಳ ಅಳೆಯುವ ಹಗ್ಗದ ಸುತ್ತಳತೆ ಒಂದು ಇಂಚು, ಅಂದರೆ ದಪ್ಪ ಕಿರುಬೆರಳಿಗಿಂತ ಕಡಿಮೆ. ತುಂಡಾಗುವ ಭಾರ 14 ಹಂಡ್ರೆಡ್‌ವೇಟ್, ಸುಮಾರು 700 ಕೆ.ಜಿ. ಪ್ರತಿ 25 ಮಾರಿಗೆ ಬಣ್ಣದ ಗುರುತು, ನೂರಕ್ಕೆ ಬೇರೆ ಬಣ್ಣ.

ತುದಿಗೆ ಬೇಲಿ ಕೊಳವೆ. ನೌಕಾಪಡೆಯ ಬೇಲಿ ಎಂಬ ಅಧಿಕಾರಿಯ ವಿನ್ಯಾಸ, ಅದರಿಂದ ಆ ಹೆಸರು. ಮೊದಲು ಬಳಸುತ್ತಿದ್ದ ಹೈಡ್ರಾ ಉಪಕರಣದ ಜಾಗಕ್ಕೆ ಬಂದದ್ದು. ಆಳೆತ್ತರದ ಕಬ್ಬಿಣದ ಕೊಳವೆ. ಅದರ ಸುತ್ತ ಬಳೆ ತೊಡಿಸಿದ ಹಾಗೆ ತೂತಿರುವ ಕಬ್ಬಿಣದ ಗುಂಡುಗಳು, ಒಂದೊಂದೂ ಒಂದು ಹಂಡ್ರೆಡ್‌ವೇಟ್, 50.8 ಕೆ.ಜಿ. ಲೆಕ್ಕ ಸರಿಸುಮಾರು ಸಾವಿರ ಮಾರಿಗೆ ಒಂದು ಗುಂಡು; ಸಾಮಾನ್ಯ ಆಳಕ್ಕೆ ಮೂರು, ತೀರಾ ಆಳ ಅನ್ನಿಸಿದರೆ ನಾಲ್ಕು. ಗುಂಡುಗಳನ್ನು ಒಂದು ತಂತಿಯ ಕುಣಿಕೆ ತಬ್ಬಿ ಹಿಡಿದು, ಕೊಳವೆಯ ತಲೆಯಲ್ಲಿರುವ ಕೊಕ್ಕೆಗೆ ನೇತುಹಾಕಿಕೊಂಡಿರುತ್ತೆ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು ಕೊಕ್ಕೆ ಹೊರಗೆ. ಕೊಳವೆ ನೆಲಕ್ಕೆ ಊರಿ ಹಗ್ಗ ಸಡಿಲವಾದ ಕ್ಷಣ ಕೊಕ್ಕೆ ಒಳಗೆ ಜಾರುತ್ತೆ, ಕುಣಿಕೆ ಕಳಚುತ್ತೆ, ಗುಂಡು ಅಲ್ಲೇ ಉಳಿಯುತ್ತೆ. ಮೇಲೆ ಬರೋದು ಕೊಳವೆ ಮತ್ತು ಅದರ ಬಾಯಿಯ ಕವಾಟದೊಳಗೆ ಸಿಕ್ಕಿದ ಕೆಸರು. ಗುಂಡು ಬಿಡದೆ ಎಳೆದರೆ ಹಗ್ಗ ಉಳಿಯಲ್ಲ, ಅದಕ್ಕೇ ಈ ಏರ್ಪಾಡು.

ಈಗ ಗಡಿಯಾರ. ಹಗ್ಗ ಓಡುವಾಗ ಪ್ರತಿ ನೂರರ ಗುರುತು ನೀರಿಗೆ ಇಳಿದ ಹೊತ್ತನ್ನು ಒಬ್ಬ ಅಧಿಕಾರಿ ಸೆಕೆಂಡ್ ಸಮೇತ ಬರೆದುಕೊಳ್ತಾನೆ. ಹಗ್ಗ ಉದ್ದವಾದಷ್ಟೂ ನೀರಿನ ಉಜ್ಜಾಟ ಹೆಚ್ಚಿ ವೇಗ ತಗ್ಗುತ್ತೆ. ಆದರೆ ತಗ್ಗೋದು ಹಂತಹಂತವಾಗಿ, ನೂರಕ್ಕೆ ಕೆಲವೇ ಸೆಕೆಂಡ್‌ನಂತೆ. 1869ರಲ್ಲಿ ಪಾರ್ಕ್ಯುಪೈನ್ ಹಡಗು ಬಿಸ್ಕೆ ಕೊಲ್ಲಿಯಲ್ಲಿ 2435 ಮಾರು ಅಳೆದಾಗ ಇಳಿಯಲು 33 ನಿಮಿಷ ಚಿಲ್ಲರೆ, ಮೇಲೆಳೆಯಲು ಎರಡು ಗಂಟೆ. ಮೊದಲ ನೂರಕ್ಕೆ ಒಂದು ನಿಮಿಷವೂ ಬೇಡ, ಕೊನೆಕೊನೆಯ ನೂರಕ್ಕೆ ಎರಡು ನಿಮಿಷದ ಹತ್ತಿರ. ಚಾಲೆಂಜರ್‌ನವರು ಕಲಿತದ್ದು ಆ ಶಾಲೆಯಲ್ಲಿ. ಸರಾಗವಾಗಿ ಹೆಚ್ಚುತ್ತಿದ್ದ ಅಂತರ ದಿಢೀರನೆ ನೆಗೆಯಿತು ಅಂದರೆ ಗುಂಡು ನೆಲ ಸೇರಿತು, ಇನ್ನು ಹೋಗ್ತಿರೋದು ಬರೀ ಹಗ್ಗ ಅಂತ ಅರ್ಥ.

ತೆರೆನೊರೆ

ಹಗ್ಗಕ್ಕೂ ತೂಕ ಇದೆಯಲ್ಲ, ಅದು ತನ್ನಷ್ಟಕ್ಕೇ ಓಡ್ತಾನೇ ಇರುತ್ತೆ. ಹಾಗಿದ್ದ ಮೇಲೆ ಹಿಂದಿನವರು ಏನು ಮಾಡ್ತಿದ್ದರು?

ಹಗ್ಗದಲೆಕ್ಕ

ಹಿಂದಿನವರು ಏಮಾರುತ್ತಿದ್ದರು. 1852ರಲ್ಲಿ ಹೆರಾಲ್ಡ್ ಹಡಗಿನ ಕ್ಯಾಪ್ಟನ್ ಡೆನಮ್ ದಕ್ಷಿಣ ಅಟ್ಲಾಂಟಿಕ್‌ನಲ್ಲಿ 7706 ಮಾರು ಅಂತ ವರದಿ ಕೊಟ್ಟ, 14 ಕಿಲೋಮೀಟರ್! ಅಷ್ಟು ಆಳ ಭೂಮಿಯ ಮೇಲೆ ಎಲ್ಲೂ ಇಲ್ಲ. ಸಣ್ಣ ಗುಂಡು, ಉದ್ದ ಹಗ್ಗ. ಗುಂಡು ತಳ ಸೇರಿ ಕೂತ ಮೇಲೂ ನಡುನೀರಿನ ಸೆಳೆತ ಹಗ್ಗವನ್ನು ಬಿಲ್ಲಿನಂತೆ ಬಾಗಿಸಿ ಎಳೆಯುತ್ತಲೇ ಇತ್ತು. ಹೆಂಪ್ ನೀರಿಗಿಂತ ಸ್ವಲ್ಪವೇ ಭಾರ, ಹಾಗಾಗಿ ಹಗ್ಗದ ತೂಕ ಅಷ್ಟು ದೊಡ್ಡ ಖಳನಾಯಕ ಅಲ್ಲ. ಸೆಳೆತವೇ ಖಳ.

ಇದಕ್ಕೆ ಚಾಲೆಂಜರ್‌ನ ಮದ್ದು ಮೂರು. ಭಾರಿ ಗುಂಡು ಹಾಕಿ ಬೇಗ ಇಳಿಸು, ಬಾಗಲು ಹೊತ್ತು ಕೊಡಬೇಡ. ಗಡಿಯಾರ ನೋಡು. ಹಡಗನ್ನು ಹಗ್ಗದ ನೆತ್ತಿಯ ಮೇಲೇ ನಿಲ್ಲಿಸು. ಈ ಮೂರನೆಯದಕ್ಕೇ ಉಗಿಯಂತ್ರ ಬೇಕಾದದ್ದು. ಠಾಣೆಯಿಂದ ಠಾಣೆಗೆ ಹಾಯಿಯಲ್ಲಿ ಪಯಣ, ಕಲ್ಲಿದ್ದಲು ಉಳಿತಾಯ. ಠಾಣೆ ಬಂತೋ, ಹಾಯಿ ಸುತ್ತಿ, ಮೂತಿಯನ್ನು ಗಾಳಿಗೆ ತಿರುಗಿಸಿ, ಹಗ್ಗ ಲಂಬ ಬಿಡದ ಹಾಗೆ ಎಂಜಿನ್‌ನಲ್ಲಿ ತುಸು ಮುಂದೆ, ತುಸು ನಿಲುಗಡೆ. ಹಗ್ಗ ಮೇಲೆಳೆಯಲು ಡೆಕ್ ಮೇಲೆ ಪ್ರತ್ಯೇಕ 18 ಅಶ್ವಶಕ್ತಿಯ ಡಾಂಕಿ ಎಂಜಿನ್, ಅಂದರೆ ಸಣ್ಣ ಉಗಿಯಂತ್ರ.

ಇನ್ನೊಂದು ಭಾಗ ಎಲ್ಲರೂ ಮರೆಯೋದು: ಅಕ್ಯುಮುಲೇಟರ್. ಹೆಸರು ದೊಡ್ಡದು, ವಸ್ತು ರಬ್ಬರ್ ಪಟ್ಟಿಗಳ ಕಟ್ಟು. ಹಗ್ಗ ಹಾಯುವ ರಾಟೆಯನ್ನು ಸೀದಾ ಅಡ್ಡಮರಕ್ಕೆ ಕಟ್ಟದೆ ಈ ಕಟ್ಟಿಗೆ ನೇತುಹಾಕ್ತಿದ್ದರು. 3 ಅಡಿಯ ಪಟ್ಟಿ ತನ್ನ ಉದ್ದದ ಐದರಷ್ಟಕ್ಕೂ ಹೆಚ್ಚು ಹಿಗ್ಗುತ್ತೆ. ಹಡಗು ಅಲೆಗೆ ಎದ್ದಾಗ ಹಗ್ಗದ ಮೇಲೆ ಬೀಳುವ ಜಗ್ಗು ರಬ್ಬರ್‌ಗೆ ಹೋಗುತ್ತೆ. ಎಷ್ಟು ಹಿಗ್ಗಿದೆ ಅಂತ ನೋಡಿದರೆ ಹಗ್ಗದ ಮೇಲಿನ ಭಾರವೂ ಅಂದಾಜಿಗೆ ಸಿಗುತ್ತೆ. ಹಗ್ಗ ಹರಿಯುವ ಮುಂಚೆ ಎಚ್ಚರಿಸೋ ಗಂಟೆ ಅದೇ.

ದಕ್ಷಿಣವಾರೆ

ಎರಡನೇ ಪ್ರಶ್ನೆ. ತಪ್ಪಲ್ಲ, ಜಾಗ ಬೇರೆ.

1875ರ ಮಾರ್ಚ್ 23, ಠಾಣೆ 225, ಸ್ಥಾನ 11°24′ ಉತ್ತರ, 143°16′ ಪೂರ್ವ. ಇವತ್ತಿನ ಆಳದ ಬಿಂದು ಸುಮಾರು 142°35′ ಪೂರ್ವದಲ್ಲಿದೆ. 41 ನಿಮಿಷ ರೇಖಾಂಶ ಅಂದರೆ ಆ ಅಕ್ಷಾಂಶದಲ್ಲಿ ಸುಮಾರು 40 ನಾಟಿಕಲ್ ಮೈಲಿ. ಕಮರಿಯ ಪೂರ್ವದ ಒಂದು ಭಾಗದಲ್ಲಿ ಗುಂಡು ಬಿಟ್ಟರು, 8184 ಮೀಟರ್ ಸಿಕ್ಕಿತು. ಆಗ ಕಮರಿ ಅನ್ನೋದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಡ್ಮಿರಾಲ್ಟಿ ದ್ವೀಪಗಳಿಂದ ಜಪಾನ್‌ಗೆ ಹೋಗುವ ದಾರಿಯಲ್ಲಿ ಬಿದ್ದ ಮಾಮೂಲಿ ಠಾಣೆ ಅದು.

ಅಂಕೆ ನಂಬದೆ ಎರಡನೇ ಸಲ ಗುಂಡಿನ ಭಾರ ಹೆಚ್ಚಿಸಿ ಇಳಿಬಿಟ್ಟು ಖಾತ್ರಿ ಮಾಡಿಕೊಂಡರು. ದಾಖಲೆಗೆ ಹೋದ 4475 ಆ ಎರಡನೇ ಅಳತೆ. ಆ ಆಳದಲ್ಲಿ ಒತ್ತಡ ಚದರ ಇಂಚಿಗೆ ಐದು ಟನ್ ದಾಟುತ್ತೆ. ಜೊತೆಗೆ ಹೋದ ತಾಪಮಾಪಕಗಳಲ್ಲಿ ಕೆಲವು ಪುಡಿಯಾಗಿ ಬಂದವು.

10,900ರ ಅಂಕೆ ಬಂದದ್ದು 1951ರಲ್ಲಿ, ಅದೇ ಹೆಸರಿನ ಇನ್ನೊಂದು ಚಾಲೆಂಜರ್ ಹಡಗು ಪ್ರತಿಧ್ವನಿ ಉಪಕರಣ ಹಿಡಿದು ಅಲ್ಲಿಗೆ ಹೋದಾಗ. ಎರಡು ಹಡಗನ್ನೂ ಒಂದೇ ಮಾಡಿ ಬರೆಯೋದು ತುಂಬ ಕಡೆ ಕಾಣುತ್ತೆ, ಎಚ್ಚರ.

ತಂತಿವಾದಿ

ಎಲ್ಲ ಸರಿ, ಒಂದು ಮಾತು ಯಾರೂ ಎತ್ತಲಿಲ್ಲ. ಚಾಲೆಂಜರ್ ಹೊರಟ ದಿನವೇ ಅದರ ತಂತ್ರ ಹಳತಾಗಿತ್ತು. ವಿಲಿಯಮ್ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್, 1872ರ ಬೇಸಿಗೆಯಲ್ಲೇ ತನ್ನ ದೋಣಿಯಿಂದ ಬಿಸ್ಕೆ ಕೊಲ್ಲಿಯಲ್ಲಿ ಪಿಯಾನೋ ತಂತಿ ಇಳಿಬಿಟ್ಟು 2700 ಮಾರು ಅಳೆದು ತೋರಿಸಿದ್ದ. ತಂತಿ ತೆಳು, ಉಜ್ಜಾಟ ಅತ್ಯಲ್ಪ, ಗುಂಡು ಹಗುರ ಸಾಕು, ಹೊತ್ತು ಅರ್ಧಕ್ಕರ್ಧ ಉಳಿತಾಯ, ತಳ ಮುಟ್ಟಿದ್ದು ತಂತಿ ಸುತ್ತಿದ ಡ್ರಮ್ಮಿನ ಬ್ರೇಕ್‌ನಲ್ಲೇ ಗೊತ್ತಾಗುತ್ತೆ. ಅಮೆರಿಕದ ಟಸ್ಕರೋರಾ ಹಡಗು ಬೆಲ್ಕ್‌ನ್ಯಾಪ್ ನಾಯಕತ್ವದಲ್ಲಿ 1874ರಲ್ಲಿ ಜಪಾನ್–ಕುರಿಲ್ ಕಡೆ ತಂತಿಯಲ್ಲೇ 4600 ಮಾರು ದಾಟಿತು. ಅಂದರೆ ಚಾಲೆಂಜರ್‌ನ 4475 ಅದು ಅಳೆದ ದಿನವೂ ದಾಖಲೆ ಆಗಿರಲಿಲ್ಲ! ಚಾಲೆಂಜರ್‌ನಲ್ಲಿ ತಂತಿಯೂ ಯಂತ್ರವೂ ಇದ್ದವು, ಒಂದು ಸಲ ಕೆಟ್ಟಿತು ಅಂತ ಮೂಲೆಗೆ ಹಾಕಿದರು. ನೌಕಾಪಡೆಯ ಜಡತ್ವ, ಬೇರೇನಲ್ಲ.

ಹಗ್ಗದಲೆಕ್ಕ

ಟಸ್ಕರೋರಾದ ಮಾತು ನಿಜ, ಒಪ್ಪಿದೆ. ಜಡತ್ವ ಅನ್ನೋದಕ್ಕೆ ತಕರಾರಿದೆ.

ಯಂತ್ರ ಯಾಕೆ ಕೆಟ್ಟಿತು ನೋಡಿ. ತಂತಿಯನ್ನು ಬಿಗಿಯಲ್ಲಿ ಡ್ರಮ್‌ಗೆ ಸುತ್ತುವಾಗ ಪ್ರತಿ ಸುತ್ತೂ ಡ್ರಮ್ಮನ್ನು ಒಳಕ್ಕೆ ಹಿಸುಕುತ್ತೆ. ಒಂದು ಸುತ್ತಿನ ಹಿಸುಕು ಲೆಕ್ಕಕ್ಕಿಲ್ಲ. ಸಾವಿರಾರು ಸುತ್ತು ಪದರಪದರವಾಗಿ ಕೂತಾಗ ಅಷ್ಟೂ ಕೂಡಿಕೊಳ್ಳುತ್ತೆ. ಡ್ರಮ್ ಹಗುರ ಇರಬೇಕು, ಇಲ್ಲದಿದ್ದರೆ ಗುಂಡು ತಳ ಮುಟ್ಟಿದ ಮೇಲೂ ತನ್ನ ಓಘದಲ್ಲೇ ತಿರುಗಿ ತಂತಿ ಸಡಿಲ ಬಿಡುತ್ತೆ, ತಂತಿಗೆ ಗಂಟು ಬಿದ್ದರೆ ಕಥೆ ಮುಗೀತು. ಹಗುರ ಇದ್ದರೆ ಹಿಸುಕಿಗೆ ಜಜ್ಜಿ ಹೋಗುತ್ತೆ. ಚಾಲೆಂಜರ್‌ನಲ್ಲಿ ಆದದ್ದು ಈ ಎರಡನೆಯದು, ಮೊದಲ ಪ್ರಯೋಗದಲ್ಲೇ. ಟಸ್ಕರೋರಾದವರು ಡ್ರಮ್ ಗಟ್ಟಿ ಮಾಡಿಕೊಂಡು ಗೆದ್ದರು.

ಮುಖ್ಯ ವಿಷಯ ಮುಂದಿದೆ. ಟಸ್ಕರೋರಾಗೆ ಬೇಕಿದ್ದದ್ದು ಆಳ, ಸಮುದ್ರದಡಿ ಟೆಲಿಗ್ರಾಫ್ ಕೇಬಲ್ ಹಾಸುವ ದಾರಿಗೆ. ಚಾಲೆಂಜರ್‌ಗೆ ಆಳ ಒಂದೇ ಸಾಲದು. ಒಂದೇ ಇಳಿತದಲ್ಲಿ ಕೆಸರು, ತಳದ ನೀರು, ತಳದ ತಾಪ, ಮೂರೂ ಬರಬೇಕು. ಆ ಕಾಲದ ತಂತಿಗೆ ಭಾರದ ನೀರಿನ ಬಾಟಲಿ, ತಾಪಮಾಪಕ ಎಲ್ಲ ಕಟ್ಟಿ ಅಲೆಯಲ್ಲಿ ಜಗ್ಗಿಸಿದರೆ ಪಟಾರ್. ಹೆಂಪ್ ನಿಧಾನ, ಆದರೆ ಎಲ್ಲವನ್ನೂ ಹೊರುತ್ತೆ. ಹಡಗಿನಲ್ಲಿ ಆಳ ಅಳೆಯಲು, ಬಲೆ ಎಳೆಯಲು ಅಂತ ಒಟ್ಟು 181 ಮೈಲಿ ಹೆಂಪ್ ತುಂಬಿಸಿದ್ದು ಸುಮ್ಮನೆ ಅಲ್ಲ.

ತಂತಿವಾದಿ

ಡ್ರಮ್ ಗಟ್ಟಿ ಮಾಡಿಸಲು ಮೂರೂವರೆ ವರ್ಷದಲ್ಲಿ ಎಷ್ಟೋ ಬಂದರು ಸಿಕ್ಕವು. ಮಾಡಿಸಲಿಲ್ಲ. ಅಷ್ಟೇ ನನ್ನ ವಾದ.

ಪಾದರಸ

ತಾಪದ ಮಾತು ಬಂದದ್ದಕ್ಕೆ. ಚಾಲೆಂಜರ್‌ನ ದತ್ತಾಂಶ ಬಳಸುವವರು ಹೆಚ್ಚು ಎಡವೋದು ಇಲ್ಲೇ.

ಉಪಕರಣ ಮಿಲ್ಲರ್–ಕ್ಯಾಸೆಲ್ಲಾ ತಾಪಮಾಪಕ. U ಆಕಾರದ ಗಾಜಿನ ನಳಿಕೆ, ಪಾದರಸದ ಎರಡೂ ತುದಿಯ ಮೇಲೆ ಪುಟ್ಟ ಉಕ್ಕಿನ ಸೂಚಿ. ಪಾದರಸ ತಳ್ಳಿದಷ್ಟು ದೂರ ಹೋಗಿ ಸೂಚಿ ಅಲ್ಲೇ ನಿಲ್ಲುತ್ತೆ, ಒಂದು ಗರಿಷ್ಠ ಹೇಳುತ್ತೆ, ಇನ್ನೊಂದು ಕನಿಷ್ಠ. ಮೇಲೆ ಬಂದ ಮೇಲೆ ಓದಿ, ಆಯಸ್ಕಾಂತದಿಂದ ಸೂಚಿ ಕೆಳಗಿಳಿಸಬೇಕು. ಒತ್ತಡಕ್ಕೆ ಬುರುಡೆ ಹಿಸುಕಿ ಸುಳ್ಳು ಹೇಳದಿರಲಿ ಅಂತ ಬುರುಡೆಯ ಹೊರಗೆ ಇನ್ನೊಂದು ಗಾಜಿನ ಕವಚ. ನಡುವೆ ಮುಕ್ಕಾಲು ಭಾಗ ಮದ್ಯಸಾರ, ಉಳಿದದ್ದು ಖಾಲಿ. ಒತ್ತಡ ಹೊರಗವಚವನ್ನು ಹಿಸುಕಿದರೂ ಖಾಲಿ ಜಾಗ ನುಂಗಿಕೊಳ್ಳುತ್ತೆ.

ಏನು ಕೆಡುತ್ತೆ? ಮೊದಲನೆಯದು ಜಗ್ಗು. ಹಗ್ಗ ಕುಲುಕಿದರೆ ಸೂಚಿ ಜಾರುತ್ತೆ, ಓದಿದ ಅಂಕೆ ಹಾಳು. ಎರಡನೆಯದು ಆತುರ. ಕವಚ ದಪ್ಪ, ತಾಪ ಒಳಹೋಗಲು ಹೊತ್ತು ಬೇಕು, ನಿಮಿಷಗಟ್ಟಲೆ ಕೆಳಗೇ ಬಿಡಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅದು ಯಾರ ಕೈತಪ್ಪೂ ಅಲ್ಲ: ಈ ಮಾಪಕ ಹೇಳೋದು ದಾರಿಯಲ್ಲಿ ಕಂಡ ಅತಿ ಕಡಿಮೆ ತಾಪವನ್ನು, ತಲುಪಿದ ಜಾಗದ ತಾಪವನ್ನಲ್ಲ. ಆಳಕ್ಕೆ ಹೋದಷ್ಟೂ ತಣ್ಣಗಾಗುವ ಸಮುದ್ರದಲ್ಲಿ ಎರಡೂ ಒಂದೇ. 1874ರ ಫೆಬ್ರುವರಿ 16ಕ್ಕೆ ಅಂಟಾರ್ಕ್ಟಿಕ್ ವೃತ್ತ ದಾಟಿದಾಗ (ಉಗಿಹಡಗೊಂದು ದಾಟಿದ್ದು ಅದೇ ಮೊದಲು) ಎಡವಟ್ಟಾಯಿತು. ಅಲ್ಲಿ ತೀರಾ ತಣ್ಣನೆಯ ಪದರ ನಡುವೆ, ಅದರ ಕೆಳಗೆ ಕೊಂಚ ಬೆಚ್ಚಗಿನ ನೀರು. ಮಾಪಕ ನಡುಪದರ ದಾಟುವಾಗಲೇ ಕನಿಷ್ಠ ಬರೆದುಕೊಂಡು ಬಿಡ್ತು, ಕೆಳಗಿನ ಬೆಚ್ಚಗಿನ ನೀರು ಅದರ ಕಣ್ಣಿಗೇ ಬೀಳಲಿಲ್ಲ. ತಲೆಕೆಳಗಾದಾಗ ಪಾದರಸದ ಎಳೆ ಕಡಿದು ಆ ಜಾಗದ ತಾಪವನ್ನೇ ಹಿಡಿಯುವ ನೆಗ್ರೆಟಿ–ಝಾಂಬ್ರಾ ಮಾಪಕ 1874ರಲ್ಲಷ್ಟೇ ಬಂತು.

ಒತ್ತಡದ ತಿದ್ದುಪಡಿಯದೂ ಒಂದು ಕಥೆ. ಹೊರಡುವ ಮುಂಚೆ ಮಾಪಕಗಳನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಿಸುಕಿ ನೋಡಿ, ಮೈಲಿ ಆಳಕ್ಕೆ ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಕಳೆಯಬೇಕು ಅಂತ ನಿರ್ಧರಿಸಿದ್ದರು. ಹಡಗು ಮರಳಿದ ಮೇಲೆ ಎಡಿನ್‌ಬರದ ಪೀಟರ್ ಗುತ್ರೀ ಟೇಟ್ ಪುನಃ ಪರೀಕ್ಷೆ ಮಾಡಿದ. ಪ್ರೆಸ್‌ನಲ್ಲಿ ದಿಢೀರ್ ಒತ್ತಿದಾಗ ಮಾಪಕದ ವಲ್ಕನೈಟ್ (ಗಟ್ಟಿ ರಬ್ಬರ್) ಪಟ್ಟಿಯೂ ನೀರೂ ಬಿಸಿಯಾಗುತ್ತವೆ, ಆ ಬಿಸಿಯನ್ನೇ ಒತ್ತಡದ ದೋಷ ಅಂದ್ಕೊಂಡಿದ್ದರು! ಸಮುದ್ರದಲ್ಲಿ ನಿಧಾನ ಇಳಿಯುವಾಗ ಆ ಬಿಸಿ ನೀರಿಗೆ ಹೋಗಿಬಿಡುತ್ತೆ. ನಿಜವಾದ ತಿದ್ದುಪಡಿ ತುಂಬ ಸಣ್ಣದು, ಕಿಲೋಮೀಟರ್‌ಗೆ ಸುಮಾರು 0.04 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಹಳೆಯ ಅಂಕೆ ಎತ್ತುವಾಗ ತಿದ್ದಿದ್ದೋ ತಿದ್ದದ್ದೋ, ತಿದ್ದಿದ್ದರೆ ಯಾರ ತಿದ್ದುಪಡಿ ಅನ್ನೋದನ್ನು ಮೊದಲು ನೋಡಿ.

ತೆರೆನೊರೆ

ಇಷ್ಟೆಲ್ಲ ದೋಷ ಇದ್ದ ಮೇಲೆ ಆ ಅಂಕೆಗಳಿಂದ ಈಗ ಉಪಯೋಗ?

ಪಾದರಸ

ಉಪಯೋಗ ಇದೆ, ಯಾಕೆಂದರೆ ದೋಷ ಯಾವ ಕಡೆ ವಾಲುತ್ತೆ ಅಂತ ಗೊತ್ತು. 2012ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಡೀನ್ ರೋಮಿಕ್ ಮತ್ತು ಸಂಗಡಿಗರು ಚಾಲೆಂಜರ್‌ನ ತಾಪಗಳನ್ನು ಅದೇ ಜಾಗಗಳಲ್ಲಿ ಈಗಿನ ಆರ್ಗೋ ತೇಲುಯಂತ್ರಗಳು (ಮುಳುಗಿ ಎದ್ದು ತಾನಾಗಿ ಅಳೆಯುವವು) ಕೊಟ್ಟ ತಾಪದ ಜೊತೆ ಹೋಲಿಸಿದರು. ಮೇಲ್ಮೈ 0.59 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗಿದೆ, ಮೇಲಿನ 700 ಮೀಟರ್‌ನ ಸರಾಸರಿ 0.33. ಹಗ್ಗ ಸಂಪೂರ್ಣ ಲಂಬ ಇರಲಿಲ್ಲ ಅಂದುಕೊಳ್ಳಿ. 500 ಮಾರು ಬಿಟ್ಟರೂ ಮಾಪಕ ನಿಂತದ್ದು 480ರಲ್ಲಿ. ಮೇಲಿದ್ದಷ್ಟೂ ಬೆಚ್ಚಗೆ, ಅಂದರೆ ಅಂದಿನ ಅಂಕೆ ನಿಜಕ್ಕಿಂತ ಹೆಚ್ಚು ಬೆಚ್ಚಗೆ ಬಿದ್ದಿರುತ್ತೆ. ಹಾಗಾಗಿ 0.33 ಕನಿಷ್ಠ ಅಂದಾಜು, ನಿಜವಾದ ಏರಿಕೆ ಅದಕ್ಕಿಂತ ಹೆಚ್ಚೇ ಇದ್ದೀತು.

ಅದೇ ತಳದ ತಾಪದಿಂದ ಅಟ್ಲಾಂಟಿಕ್ ನಡುವಿನ ಸಮುದ್ರದಡಿಯ ಬೆಟ್ಟಸಾಲನ್ನು ಊಹಿಸಿದ್ದರು ಅನ್ನೋದೂ ನೆನಪಿರಲಿ. ಪಶ್ಚಿಮ ತಗ್ಗಿನ ತಳದ ನೀರು ಪೂರ್ವದ್ದಕ್ಕಿಂತ ತಣ್ಣಗೆ. ಅಂಟಾರ್ಕ್ಟಿಕ್‌ನಿಂದ ತಳದಲ್ಲಿ ಹರಿದು ಬರುವ ನೀರು ಒಂದು ಗದ್ದೆಗೆ ನುಗ್ಗಿ ಪಕ್ಕದ ಗದ್ದೆಗೆ ನುಗ್ಗದಿದ್ದರೆ ನಡುವೆ ಬದು ಇದೆ ಅಂತ ತಾನೇ ಅರ್ಥ? ಗುಂಡು ಇಳಿಬಿಡದ ಜಾಗದಲ್ಲೂ ಬದು ಎಲ್ಲೆಲ್ಲಿ ಮುಂದುವರಿದಿರಬೇಕು ಅಂತ ಹಡಗಿನ ಅಧಿಕಾರಿ ಟಿಝರ್ಡ್ ಮುಂತಾದವರು ತಾಪ ನೋಡಿ ಹೇಳಿದರು.

ಕೆಸರುಗಣ್ಣು

ಆಳ, ತಾಪ ಆಯಿತು. ಬಲೆಯ ಕೆಲಸವನ್ನು ಬಿಟ್ಟರೆ ಚಿತ್ರ ಅರ್ಧವೇ. ಡ್ರೆಜಿಂಗ್ ಎಂಬ ಮಾತನ್ನೇ ತಿರುಚಿ ನಾವಿಕರು ‘ಡ್ರಡ್ಜಿಂಗ್’ ಎನ್ನುತ್ತಿದ್ದರು. ಕತ್ತೆ ಚಾಕರಿ ಎಂದು ಅರ್ಥ.

ಮೊದಮೊದಲು ಬಳಸಿದ್ದು ಡ್ರೆಜ್: ಕಬ್ಬಿಣದ ಚೌಕಟ್ಟಿನ ಬಾಯಿ, ಹಿಂದೆ ಬಲೆಯ ಚೀಲ. ಚೀಲದ ತುದಿಗೆ ಡೆಕ್ ಒರೆಸುವ ಹೆಂಪಿನ ಕುಚ್ಚುಗಳನ್ನು ಕಟ್ಟುತ್ತಿದ್ದರು. ಇದು ಪಾರ್ಕ್ಯುಪೈನ್ ಹಡಗಿನಲ್ಲಿ ಹೊಳೆದ ಉಪಾಯ. ಮುಳ್ಳು, ಟೊಂಗೆ, ಕೊಕ್ಕೆಗಾಲಿನ ಪ್ರಾಣಿಗಳು ಚೀಲಕ್ಕಿಂತ ಕುಚ್ಚಿಗೇ ಹೆಚ್ಚು ಸಿಕ್ಕಿಬೀಳುತ್ತಿದ್ದವು. ಆದರೆ ಆಳದ ಮೆತ್ತನೆಯ ಕೆಸರಿನಲ್ಲಿ ಡ್ರೆಜ್ ಹೂತುಹೋಗುತ್ತದೆ, ಇಡೀ ದಿನದ ದುಡಿಮೆಗೆ ಒಂದು ಚೀಲ ಕೆಸರಷ್ಟೇ ಫಲ. ಬೇಗನೆ ಮೀನುಗಾರರ ಟ್ರಾಲ್ ಬಲೆಗೆ ಬದಲಾದರು: ಮರದ ಅಡ್ಡತೊಲೆ ಬಾಯಿ ತೆರೆದಿಡುತ್ತದೆ, ಬಲೆ ಕೆಸರಿನ ಮೇಲೆ ತೇಲಿದಂತೆ ಸವರಿಕೊಂಡು ಹೋಗುತ್ತದೆ. ಎರಡು ಸಾವಿರ ಮಾರು ದಾಟಿದ ಕಡೆ ಬೆಳಿಗ್ಗೆ ಬಿಟ್ಟ ಬಲೆ ಡೆಕ್‌ಗೆ ಬರುವಾಗ ಸಂಜೆ.

ಕೆಡುವ ಬಗೆಗಳು ಹಲವು. ಹಡಗು ತುಸು ವೇಗವಾದರೆ ಬಲೆ ತಳ ಬಿಟ್ಟು ಮೇಲೇಳುತ್ತದೆ, ಖಾಲಿ ಬರುತ್ತದೆ. ಇಳಿಯುವಾಗ ಮಗುಚಿ ಬಿದ್ದರೆ ಬಾಯಿ ಮೇಲಾಗುತ್ತದೆ. ಹಗ್ಗ ಹೆಚ್ಚು ಬಿಟ್ಟರೆ ಅದು ತಳದಲ್ಲಿ ಸುರುಳಿ ಸುತ್ತಿ ಬಲೆಗೇ ತೊಡರಿಕೊಳ್ಳುತ್ತದೆ. ಬಲೆ ಬಂಡೆಗೆ ಸಿಕ್ಕಿದರಂತೂ ಹಗ್ಗವೋ ರಾಟೆಯೋ ಮೊದಲು ಹೋಗುವುದು. 1873ರ ಮಾರ್ಚ್‌ನಲ್ಲಿ ಕೆರಿಬಿಯನ್‌ನ ಸೇಂಟ್ ಥಾಮಸ್ ಬಿಟ್ಟ ಮೇಲೆ ಹಾಗೆ ಕಿತ್ತುಬಂದ ಕಬ್ಬಿಣದ ರಾಟೆಯ ಹೊಡೆತಕ್ಕೆ ಒಬ್ಬ ಹುಡುಗ ನಾವಿಕ ಸತ್ತ.

ಇನ್ನೊಂದು ದೋಷ ಕಣ್ಣಿಗೆ ಕಾಣದ್ದು. ಬಲೆಯ ಬಾಯಿ ಮುಚ್ಚುವ ಏರ್ಪಾಡು ಅವರಲ್ಲಿ ಇರಲಿಲ್ಲ. ತಳದಿಂದ ಮೇಲಿನ ತನಕ ಅದು ತೆರೆದೇ ಬರುತ್ತದೆ. ಬಲೆಯಲ್ಲಿ ಸಿಕ್ಕ ಮೀನು 2500 ಮಾರಿನದೋ 300 ಮಾರಿನದೋ ಹೇಳುವಂತಿಲ್ಲ. ವರದಿಯಲ್ಲಿ ‘2500 ಫ್ಯಾದಮ್’ ಎಂದು ಬರೆದಿರುವ ಈಜುವ ಪ್ರಾಣಿಗಳ ಆಳವನ್ನು ಅನುಮಾನದಿಂದಲೇ ಓದಬೇಕು. ನೆಲಕ್ಕೆ ಅಂಟಿಕೊಂಡೇ ಬದುಕುವವುಗಳಿಗೆ ಆ ತೊಂದರೆ ಇಲ್ಲ.

ತೆರೆನೊರೆ

ಬಾಥಿಬಿಯಸ್ ವಿಷಯ, ಅಂದರೆ ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಹಕ್ಸ್‌ಲಿ ಆದಿಜೀವ ಅಂದ್ಕೊಂಡ ಸಮುದ್ರತಳದ ಲೋಳೆಯದು, ಯಾರಾದರೂ ಬಿಡಿಸಿ ಹೇಳಿ. ಹಕ್ಸ್‌ಲಿಯಂಥವನು ಹೇಗೆ ಏಮಾರಿದ?

ಕೆಸರುಗಣ್ಣು

ಮದ್ಯಸಾರದಿಂದ. ಬೇರೆ ಅರ್ಥ ಬೇಡ, ಬಾಟಲಿಯೊಳಗಿನ ಮದ್ಯಸಾರ.

1857ರಲ್ಲಿ ಸೈಕ್ಲಾಪ್ಸ್ ಹಡಗು ಅಟ್ಲಾಂಟಿಕ್ ತಳದಿಂದ ತಂದ ಕೆಸರನ್ನು ಮದ್ಯಸಾರದಲ್ಲಿ ಇಟ್ಟಿದ್ದರು. ಹತ್ತು ವರ್ಷ ಕಳೆದು ಹಕ್ಸ್‌ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಳೆಯಂಥದ್ದು ಕಂಡಿತು. ಸಮುದ್ರತಳವನ್ನೆಲ್ಲ ಹಾಸಿಕೊಂಡಿರುವ ಆದಿಜೀವ ಇದೇ ಇರಬೇಕೆಂದು 1868ರಲ್ಲಿ ಬಾಥಿಬಿಯಸ್ ಹೆಕೆಲಿಯೈ ಎಂದು ಹೆಸರಿಟ್ಟ, ಜರ್ಮನಿಯ ಜೀವಶಾಸ್ತ್ರಜ್ಞ ಹೆಕೆಲ್‌ನ ಗೌರವಾರ್ಥ.

ಚಾಲೆಂಜರ್‌ನವರು ಠಾಣೆಯಿಂದ ಠಾಣೆಗೆ ಹುಡುಕಿದರು. ಹಸಿ ಕೆಸರಿನಲ್ಲಿ ಲೋಳೆ ಇಲ್ಲ. ಮದ್ಯಸಾರ ಹಾಕಿಟ್ಟ ಬಾಟಲಿಗಳಲ್ಲಿ ಮಾತ್ರ ಇದೆ ಎಂದು ಹಡಗಿನ ಜೀವಿಶಾಸ್ತ್ರಜ್ಞ ಮರ್‍ರೆ ಗಮನಿಸಿದ. ರಸಾಯನಶಾಸ್ತ್ರಜ್ಞ ಬುಕ್ಯಾನನ್ ಸರಳ ಪರೀಕ್ಷೆ ಮಾಡಿದ. ತಳದ ನೀರನ್ನು ಆವಿ ಮಾಡಿ ಉಳಿದದ್ದನ್ನು ಕಾಯಿಸಿದ. ಅಲ್ಲಿ ಜೀವದ್ರವ್ಯ ಇದ್ದಿದ್ದರೆ ಕರಕಲಾಗಬೇಕಿತ್ತು, ಆಗಲಿಲ್ಲ. ಬರೀ ಸಮುದ್ರದ ನೀರಿಗೆ ಧಾರಾಳವಾಗಿ ಮದ್ಯಸಾರ ಸುರಿದ. ಅದೇ ಲೋಳೆ ಒತ್ತರಿಸಿ ಬಂತು. ಅದು ಕ್ಯಾಲ್ಸಿಯಂ ಸಲ್ಫೇಟ್. ನೀರಿನಲ್ಲಿ ಕರಗಿರುವ ಸುಣ್ಣದ ಲವಣಕ್ಕೆ ಮದ್ಯಸಾರದಲ್ಲಿ ಕರಗಲಾಗದು, ಅಷ್ಟೇ. 1875ರಲ್ಲಿ ಯಾನದ ವಿಜ್ಞಾನಿಗಳ ಮುಖ್ಯಸ್ಥ ವೈವಿಲ್ ಥಾಮ್ಸನ್ (ತಂತಿಯ ಥಾಮ್ಸನ್ ಅಲ್ಲ) ಪತ್ರ ಬರೆದ, ಹಕ್ಸ್‌ಲಿ ಅದೇ ವರ್ಷ ಬಹಿರಂಗವಾಗಿ ತಪ್ಪೊಪ್ಪಿಕೊಂಡ. ಹೆಕೆಲ್ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ.

ಅದೇ ಬುಕ್ಯಾನನ್‌ನ ಇನ್ನೊಂದು ಪ್ರಯೋಗ ಇನ್ನೂ ಸೊಗಸು. ಎರಡೂ ತುದಿ ಬೆಸೆದ ದಪ್ಪ ಗಾಜಿನ ನಳಿಕೆಯನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ, ತುದಿಗಳಲ್ಲಿ ತೂತುಳ್ಳ ತಾಮ್ರದ ಕೊಳವೆಯೊಳಗಿಟ್ಟು 2000 ಮಾರು ಇಳಿಸಿದ. ಮೇಲೆ ಬಂದಾಗ ಗಾಜು ಹಿಮದಂಥ ಬಿಳಿಪುಡಿ, ತಾಮ್ರದ ಕೊಳವೆ ನಡುವಿನಲ್ಲಿ ಒಳಕ್ಕೆ ನುಗ್ಗಿ ಜಜ್ಜಿಹೋಗಿತ್ತು. ತೂತುಗಳಿದ್ದೂ ಯಾಕೆ? ಗಾಜು ಕುಸಿದ ಆ ಕ್ಷಣದಲ್ಲಿ ತೂತಿನಿಂದ ನೀರು ನುಗ್ಗುವುದಕ್ಕಿಂತ ತಾಮ್ರದ ಗೋಡೆ ಬಾಗುವುದೇ ಬೇಗ ಆಯಿತು.

ದಕ್ಷಿಣವಾರೆ

ಬಾಥಿಬಿಯಸ್ ಹೋದರೂ ಹೆಕೆಲ್ ಚಾಲೆಂಜರ್ ವರದಿಯಲ್ಲಿ ಗಟ್ಟಿಯಾಗಿ ಕೂತಿದ್ದಾನೆ. 1887ರ ರೇಡಿಯೋಲೇರಿಯಾ (ಸಮುದ್ರದ ಏಕಕೋಶ ಸೂಕ್ಷ್ಮಜೀವಿ) ವರದಿ ಅವನದೇ, 140 ಚಿತ್ರಫಲಕ, 3508 ಹೊಸ ಪ್ರಭೇದ. ‘ಚಾಲೆಂಜರ್ 4700 ಹೊಸ ಪ್ರಭೇದ ಕಂಡುಹಿಡಿಯಿತು’ ಅಂತ ಕಣ್ಣುಮುಚ್ಚಿ ಬರೆಯುವವರು ಈ ಒಂದು ಅಂಕೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಹೆಕೆಲ್ ಕೂದಲು ಸೀಳಿ ಪ್ರಭೇದ ಮಾಡಿದವನು, ನಂತರದವರು ಅವನ ವಿಂಗಡಣೆಯನ್ನು ಸಾಕಷ್ಟು ಕಲಸಿ ಮತ್ತೆ ಜೋಡಿಸಬೇಕಾಯಿತು. ಯಾವ ಗುಂಪಿನಲ್ಲಿ ಎಷ್ಟು, ಈಗ ಎಷ್ಟು ಊರ್ಜಿತ ಅಂತ ಹೇಳದ ಒಟ್ಟು ಸಂಖ್ಯೆ ಭಾಷಣಕ್ಕೆ ಮಾತ್ರ ಚೆನ್ನ.

ಮಾರುಗೋಲು

ಸಮುದ್ರತಳದ ಲೋಹದ ಗಂಟುಗಳ ಬಗ್ಗೆ? ಮ್ಯಾಂಗನೀಸ್ ಗಂಟು ಮೊದಲು ಸಿಕ್ಕಿದ್ದು ಇವರಿಗೇ ಅಲ್ವಾ? ಇನ್ನೊಂದು, ಈ ಹಡಗು ನಮ್ಮ ಕಡೆ ಬಂದಿತ್ತಾ?

ಕೆಸರುಗಣ್ಣು

ಗಂಟು: 1873ರ ಫೆಬ್ರುವರಿ 18, ಕ್ಯಾನರಿ ದ್ವೀಪಗಳ ನೈಋತ್ಯಕ್ಕೆ. ಕಪ್ಪು, ದುಂಡನೆ. ಬುಕ್ಯಾನನ್ ಪರೀಕ್ಷಿಸಿ ಬಹುಪಾಲು ಮ್ಯಾಂಗನೀಸ್ ಪೆರಾಕ್ಸೈಡ್ ಎಂದ. ಪೆಸಿಫಿಕ್‌ನ ಕೆಂಪು ಜೇಡಿಯಲ್ಲಿ ರಾಶಿರಾಶಿ ಸಿಕ್ಕವು. ಒಡೆದರೆ ಈರುಳ್ಳಿಯ ಹಾಗೆ ಪದರ, ಎಷ್ಟೋ ಗಂಟುಗಳ ಗರ್ಭದಲ್ಲಿ ಶಾರ್ಕ್ ಹಲ್ಲು ಅಥವಾ ತಿಮಿಂಗಿಲದ ಕಿವಿಮೂಳೆ.

ಕೆಂಪು ಜೇಡಿ ಎಲ್ಲಿಂದ ಶುರು ಎಂಬುದೂ ಮುಖ್ಯ. ಮೇಲ್ನೀರಿನಲ್ಲಿ ಬದುಕುವ ಗ್ಲೋಬಿಜೆರಿನಾ ಎಂಬ ಸೂಕ್ಷ್ಮ ಚಿಪ್ಪುಜೀವಿಗಳು ಸತ್ತು ಮಳೆಯಂತೆ ತಳಕ್ಕೆ ಬೀಳುತ್ತವೆ. ಅವು ತಳದಲ್ಲೇ ಬದುಕುತ್ತವೆಂದು ವೈವಿಲ್ ಥಾಮ್ಸನ್ ಮೊದಲು ನಂಬಿದ್ದ. ಮರ್‍ರೆ ಮೇಲ್ನೀರಿನಲ್ಲಿ ತೆಳುಬಲೆ ಎಳೆದು ಜೀವಂತ ತೋರಿಸಿದ ಮೇಲೆ ಒಪ್ಪಿದ. ಆಳ ಹೆಚ್ಚಿದಂತೆ ಸುಣ್ಣದ ಚಿಪ್ಪು ಕರಗುತ್ತ ಹೋಗಿ, ತೀರಾ ಆಳದಲ್ಲಿ ಕರಗದೆ ಉಳಿಯುವುದು ಜೇಡಿ ಮಾತ್ರ. ಅದು ಶೇಖರವಾಗುವುದು ಎಷ್ಟು ನಿಧಾನವೆಂದರೆ, ಆಕಾಶದಿಂದ ಬಿದ್ದ ಉಲ್ಕಾಧೂಳಿನ ಕಾಂತೀಯ ಗುಂಡುಗಳು ಮುಚ್ಚಿಹೋಗದೆ ಉಳಿದಿವೆ. ಮರ್‍ರೆ ಜೇಡಿಯಲ್ಲಿ ಆಯಸ್ಕಾಂತ ಆಡಿಸಿಯೇ ಅವನ್ನು ಹೆಕ್ಕಿದ.

ದಕ್ಷಿಣವಾರೆ

ನಮ್ಮ ಕಡೆ ಬರಲಿಲ್ಲ. ಹಿಂದೂ ಮಹಾಸಾಗರವನ್ನು ದಾಟಿದ್ದು ತೀರಾ ದಕ್ಷಿಣದಲ್ಲಿ: ಕೇಪ್‌ಟೌನ್, ಮೇರಿಯನ್, ಕ್ರೋಜೆ, ಕೆರ್ಗೆಲೆನ್, ಹರ್ಡ್, ಹಿಮದಂಚು, ಮೆಲ್ಬರ್ನ್. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಅದರ ನಕ್ಷೆಯಲ್ಲಿ ಖಾಲಿ. ಬಂಗಾಳ ಕೊಲ್ಲಿ, ಅಂಡಮಾನ್ ಕಡೆಯ ಆಳಜೀವಿಗಳ ಕೆಲಸ ಆದದ್ದು ಮುಂದೆ ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗಿನಿಂದ, ಆಲ್ಫ್ರೆಡ್ ಆಲ್ಕಾಕ್ ಅದರಲ್ಲಿ ವೈದ್ಯ ಮತ್ತು ಜೀವಿಶಾಸ್ತ್ರಜ್ಞ.

ಅರಬ್ಬಿ ಸಮುದ್ರದ ಋಣ ತೀರಿದ್ದು ಸುತ್ತುದಾರಿಯಲ್ಲಿ. ಮರ್‍ರೆ ಕ್ರಿಸ್ಮಸ್ ದ್ವೀಪದ ಫಾಸ್ಫೇಟ್ ಗಣಿಯಿಂದ ದುಡ್ಡು ಮಾಡಿದ. ಸರ್ಕಾರಕ್ಕೆ ಅದರಿಂದ ಸಂದ ತೆರಿಗೆ, ರಾಯಧನವೇ ಚಾಲೆಂಜರ್‌ನ ಖರ್ಚನ್ನು ಮೀರಿತು. ಅವನು ಉಯಿಲಿನಲ್ಲಿ ಬಿಟ್ಟ ಹಣದಲ್ಲಿ 1933–34ರಲ್ಲಿ ಈಜಿಪ್ಟಿನ ಮಬಾಹಿಸ್ ಹಡಗು ಅರಬ್ಬಿ ಸಮುದ್ರಕ್ಕೆ ಹೊರಟಿತು. ನಾಯಕ ಸೀಮೋರ್ ಸೀವೆಲ್, ಅದಕ್ಕೆ ಮುಂಚೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕನಾಗಿದ್ದವನು. ಅರಬ್ಬಿ ಸಮುದ್ರದ ನಡುಪದರದಲ್ಲಿ ಆಮ್ಲಜನಕ ಎಷ್ಟು ಕಡಿಮೆ ಅನ್ನೋದು ಚೆನ್ನಾಗಿ ದಾಖಲಾದದ್ದು ಆ ಯಾನದಲ್ಲಿ.

ಗಂಟಿನ ಕಥೆ ಗೋವೆಗೂ ಬಂತು. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 1981ರ ಜನವರಿ 26ಕ್ಕೆ ಗವೇಷಣಿ ಹಡಗಿನಿಂದ ಹಿಂದೂ ಮಹಾಸಾಗರದ ಗಂಟು ಎತ್ತಿದರು. ಮಧ್ಯ ಹಿಂದೂ ಮಹಾಸಾಗರದಲ್ಲಿ ಭಾರತದ ಕೈಯಲ್ಲಿ ಉಳಿದಿರುವ ಗಂಟಿನ ಹೊಲ 75,000 ಚದರ ಕಿಲೋಮೀಟರ್.

ಮಾರುಗೋಲು

ಒಂದು ತಮಾಷೆ ಲೆಕ್ಕ. ಯಾನದಲ್ಲಿ 492 ಸಲ ಆಳ ಅಳೆದರು. ಸಲಕ್ಕೆ ಮೂರು ಗುಂಡು, 152 ಕೆ.ಜಿ. ಅಂದರೆ ಸುಮಾರು 75 ಟನ್ ಕಬ್ಬಿಣ ಸಮುದ್ರತಳದಲ್ಲಿ ಬಿಟ್ಟು ಬಂದಿದ್ದಾರೆ.

ಹಗ್ಗದಲೆಕ್ಕ

ಅಷ್ಟಿಲ್ಲ. ಸಾವಿರ ಮಾರಿಗಿಂತ ಕಡಿಮೆ ಇದ್ದಲ್ಲಿ ಒಂದೇ ಗುಂಡು, ಅದೂ ಹಗ್ಗದ ಜೊತೆ ವಾಪಸ್ ಬರ್ತಿತ್ತು. ಆ ಠಾಣೆಗಳನ್ನು ಪಟ್ಟಿಯಿಂದ ಹೊಡೆದುಹಾಕಿ, ನಾಲ್ಕು ಗುಂಡು ಹಾಕಿದ ಕಡೆ ಒಂದು ಸೇರಿಸಿ, ಮತ್ತೆ ಕೂಡಿ.